23 ಹಳೆಯ ಲ್ಯಾಪ್‌ಟಾಪ್‌ಗಳು ನಮ್ಮ ಮನೆಯ ದಿವಾನದ ಕೆಳಗಿವೆ, ಏನು ಮಾಡಲಿ?

ಮುಲುಂಡ್ ಪಶ್ಚಿಮ
ಎಲ್ಲರಿಗೂ ನಮಸ್ಕಾರ. ಇಲ್ಲಿ ಮುಂಬೈಯಲ್ಲಿ ನಮ್ಮ ಕನ್ನಡ ಸಂಘದ ಸಭೆಯಲ್ಲಿ ನಾನು ಸುಮ್ಮನೆ ಕೂರಲಾರದೆ ಒಂದು ಮಾತು ಹೇಳಿಬಿಟ್ಟೆ. ಮನೆಮನೆಯ ಕಪಾಟಿನಲ್ಲಿ ಹಳೆಯ ಲ್ಯಾಪ್‌ಟಾಪ್‌ಗಳು ಧೂಳು ತಿನ್ನುತ್ತಿವೆ, ಒಟ್ಟುಮಾಡಿ ಓದುವ ಮಕ್ಕಳಿಗೆ ಕೊಡೋಣ ಎಂದೆ. ಸಭೆ ಚಪ್ಪಾಳೆ ತಟ್ಟಿತು, ಕೆಲಸವನ್ನು ನನ್ನ ತಲೆಗೇ ಕಟ್ಟಿತು. ಎರಡು ತಿಂಗಳಲ್ಲಿ 23 ಬಂದಿವೆ. ಹೆಂಡತಿ ಕಸ ಗುಡಿಸುವಾಗಲೆಲ್ಲ ಸಂಘದ ಅಧ್ಯಕ್ಷರ ಕುಲಗೋತ್ರ ವಿಚಾರಿಸುತ್ತಾಳೆ.

ಸ್ಥಿತಿ ಹೀಗಿದೆ. ಒಂಬತ್ತು ಗುಂಡಿ ಒತ್ತಿದರೆ ಏಳುತ್ತವೆ. ಆರಕ್ಕೆ ಚಾರ್ಜರ್ ಇಲ್ಲ, ಜೀವ ಇದೆಯೋ ಇಲ್ಲವೋ ದೇವರಿಗೇ ಗೊತ್ತು. ನಾಲ್ಕು ಪಾಸ್‌ವರ್ಡ್ ಕೇಳುತ್ತವೆ, ಅದು ಕೊಟ್ಟವರಿಗೇ ನೆನಪಿಲ್ಲ. ಎರಡರ ಬ್ಯಾಟರಿ ಹಪ್ಪಳದಂತೆ ಉಬ್ಬಿದೆ. ಒಂದರ ಪರದೆ ಒಡೆದಿದೆ. ಇನ್ನೊಂದನ್ನು ತೆರೆದಾಗ ಜಿರಳೆಯ ಅವಿಭಕ್ತ ಕುಟುಂಬ ಹೊರಬಂತು.

ಸಮಿತಿಯವರು ನವೆಂಬರ್‌ನ ರಾಜ್ಯೋತ್ಸವದಲ್ಲಿ ಹತ್ತನೇ ತರಗತಿಯಲ್ಲಿ ಹೆಚ್ಚು ಅಂಕ ಪಡೆದ ಒಂಬತ್ತು ಮಕ್ಕಳಿಗೆ ಶಾಲು ಹೊದೆಸಿ ಕೊಡೋಣ ಎನ್ನುತ್ತಿದ್ದಾರೆ. ಪಟ್ಟಿ ನೋಡಿದೆ. ಅದರಲ್ಲಿ ಆರು ಮಕ್ಕಳ ಮನೆಯಲ್ಲಿ ಈಗಾಗಲೇ ಲ್ಯಾಪ್‌ಟಾಪ್ ಇದೆ, ಒಬ್ಬನ ಅಪ್ಪನೇ ನಮಗೆ ಎರಡು ಕೊಟ್ಟವರು. ಯಾರಿಗೆ ಕೊಡಬೇಕು, ಹೇಗೆ ಕೊಡಬೇಕು? ಅನುಭವವಿದ್ದವರು ಹೇಳಿ.

ನಿವೃತ್ತ, ಡೊಂಬಿವಲಿ
ಭಂಗಾರಿಗೆ (ಗುಜರಿಯವನಿಗೆ) ಕೊಟ್ಟು ಬಂದ ದುಡ್ಡಿನಲ್ಲಿ ಪುಸ್ತಕ ಹಂಚಿ.

ಹಾರ್ಬರ್ ಲೈನ್
ರಾಯರ ಮಾತು ಕೇಳಬೇಡಿ. ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಬೆಂಬಲ ನಿಲ್ಲಿಸಿತು. ವಿಂಡೋಸ್ 11 ಬೇಕೆಂದರೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಇರಬೇಕು, ಇಂಟೆಲ್ ಆದರೆ ಹೆಚ್ಚುಕಡಿಮೆ ಎಂಟನೇ ತಲೆಮಾರಿನ ಪ್ರೊಸೆಸರ್ ಇರಬೇಕು. ಹೀಗಾಗಿ ಗಟ್ಟಿಮುಟ್ಟಾದ ಯಂತ್ರಗಳನ್ನೂ ಜನ ಮುದುಕರೆಂದು ಮೂಲೆಗೆ ಹಾಕುತ್ತಿದ್ದಾರೆ. ವಿಂಡೋಸ್ ಬದಲಿಗೆ ಪುಕ್ಕಟೆ ಸಿಗುವ ಲಿನಕ್ಸ್ ಮಿಂಟ್ ಹಾಕಿ, ಅದರಲ್ಲಿ ಹಗುರವಾದ ಎಕ್ಸ್‌ಎಫ್‌ಸಿಇ ಆವೃತ್ತಿ. 4 ಜಿಬಿ ರ್‍ಯಾಮ್‌ನಲ್ಲಿಯೂ ನಡೆಯುತ್ತದೆ. ಬಿಡಿಗಾಸಿನ ಖರ್ಚಿಲ್ಲ.

ಲೆಕ್ಕದ ಮನುಷ್ಯ
ಲಿನಕ್ಸ್ ಭಕ್ತರು ಬಂದರು. ತಮ್ಮಾ, ಮುಂಬೈಯಲ್ಲಿ ನಮ್ಮ ಮಕ್ಕಳಲ್ಲಿ ಅರ್ಧಕ್ಕರ್ಧ ಜನ ಓದುವುದು ಕಾಮರ್ಸ್. ಅವರಿಗೆ ಬೇಕಾಗಿರುವುದು ಟ್ಯಾಲಿ ಮತ್ತು ಎಕ್ಸೆಲ್. ಟ್ಯಾಲಿ ವಿಂಡೋಸ್‌ಗಾಗಿ ಮಾಡಿದ ಲೆಕ್ಕಪತ್ರದ ತಂತ್ರಾಂಶ. ಅದರ ಶೈಕ್ಷಣಿಕ ಆವೃತ್ತಿ ಪುಕ್ಕಟೆ ಸಿಗುತ್ತದೆ, ತಿಂಗಳಿನ 1, 2 ಮತ್ತು 31ನೇ ತಾರೀಕಿನ ವೋಚರ್ (ವ್ಯವಹಾರದ ನಮೂದು) ಮಾತ್ರ ಹಾಕಬಹುದು ಅಷ್ಟೇ. ಕಲಿಯಲು ಅದು ಧಾರಾಳ ಸಾಕು. ನನ್ನ ಕಚೇರಿಗೆ ಕೆಲಸ ಕೇಳಿಕೊಂಡು ಬರುವ ಬಿ.ಕಾಂ. ಹುಡುಗರಿಗೆ ನಾನು ಮೊದಲು ಹೇಳುವುದೇ ಒಂದು ವೋಚರ್ ಹಾಕಿ ತೋರಿಸು ಎಂದು. ಅಲ್ಲಿ ಬಂದು ಲಿನಕ್ಸ್ ಬರುತ್ತದೆ ಎಂದರೆ ಸಂಬಳ ಕೊಡುವವರು ಯಾರು?

ಹಾರ್ಬರ್ ಲೈನ್
ಲೆಕ್ಕ ಕಲಿಯುವುದೆಂದರೆ ಒಂದೇ ಕಂಪನಿಯ ತಂತ್ರಾಂಶ ಕಲಿಯುವುದೇ? ಕೇರಳದ ಸರ್ಕಾರಿ ಶಾಲೆಗಳು ವರ್ಷಾನುಗಟ್ಟಲೆಯಿಂದ ಲಿನಕ್ಸಿನಂತಹ ಸ್ವತಂತ್ರ ತಂತ್ರಾಂಶದಲ್ಲಿಯೇ ಪಾಠ ಮಾಡುತ್ತಿವೆ. ಅಲ್ಲಿನ ಮಕ್ಕಳು ಯಾರಿಗೂ ಕಡಿಮೆಯಿಲ್ಲ.

ಲೆಕ್ಕದ ಮನುಷ್ಯ
ಕೇರಳದಲ್ಲಿ ಸರ್ಕಾರವೇ ಶಿಕ್ಷಕರಿಗೆ ತರಬೇತಿ ಕೊಟ್ಟಿತು. ಮುಲುಂಡ್‌ನವರ ದಿವಾನದ ಕೆಳಗೆ ಯಾವ ಸರ್ಕಾರವಿದೆ?

ಗ್ರಾಂಟ್ ರೋಡ್ ರಿಪೇರಿ
ಇಬ್ಬರೂ ಸ್ವಲ್ಪ ತಡೆಯಿರಿ ಮಾರಾಯರೇ. ಮೊದಲು ಯಂತ್ರ ಏಳಲಿ, ಆಮೇಲೆ ಯಾವ ದೇವರನ್ನು ಪ್ರತಿಷ್ಠಾಪಿಸುವುದು ಎಂದು ಜಗಳವಾಡಿ.

ನಾನು ಲ್ಯಾಮಿಂಗ್ಟನ್ ರಸ್ತೆಯಲ್ಲಿ ಹತ್ತೊಂಬತ್ತು ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೇನೆ. ಉಬ್ಬಿದ ಬ್ಯಾಟರಿಯ ಎರಡನ್ನು ಇಂದೇ ದಿವಾನದ ಕೆಳಗಿನಿಂದ ತೆಗೆಯಿರಿ. ಚಾರ್ಜ್ ಮಾಡಬೇಡಿ, ಚುಚ್ಚಬೇಡಿ, ಕಸದ ಡಬ್ಬಿಗೆ ಹಾಕಬೇಡಿ. ಲಿಥಿಯಂ ಹೊತ್ತಿಕೊಂಡರೆ ಹಾಸಿಗೆ ಉಳಿಯುವುದಿಲ್ಲ. ಬ್ಯಾಟರಿಯನ್ನು ಬಿಚ್ಚಿಸಿ ಅಧಿಕೃತ ಇ-ತ್ಯಾಜ್ಯದವರಿಗೆ ಕೊಡಿ. ಯಂತ್ರಗಳು ಹೊಸ ಬ್ಯಾಟರಿಯೊಂದಿಗೆ ಬದುಕಬಹುದು.

ಚಾರ್ಜರ್ ವಿಷಯ. ಹಳೆಯ ಡೆಲ್‌ಗೂ ಹಳೆಯ ಎಚ್‌ಪಿಗೂ ಒಂದೇ ದಪ್ಪದ ದುಂಡು ಪಿನ್ ಇದೆ, 7.4 ಮಿ.ಮೀ. ಒಂದರದು ಇನ್ನೊಂದಕ್ಕೆ ಹೊಕ್ಕುತ್ತದೆ. ಆದರೆ ಡೆಲ್ ತನ್ನ ಸ್ವಂತ ಚಾರ್ಜರ್ ಅಲ್ಲವೆಂದು ಗುರುತಿಸಿದರೆ ಯಂತ್ರ ಓಡುತ್ತದೆ, ಬ್ಯಾಟರಿ ಮಾತ್ರ ತುಂಬುವುದಿಲ್ಲ. ಬ್ಯಾಟರಿ ಹೋಗಿದೆ ಎಂದುಕೊಂಡು ಜನ ಸುಮ್ಮನೆ ಹೊಸತು ಹಾಕಿಸಿಕೊಳ್ಳುತ್ತಾರೆ. ಲೆನೊವೊದ್ದು ಹಳದಿ ಬಾಯಿಯ ಚಪ್ಪಟೆ ಆಯತ, ಅದು 20 ವೋಲ್ಟ್.

ತಾರೀಕು ಪ್ರತಿ ಸಲ ಹಿಂದಕ್ಕೆ ಹೋಗುತ್ತಿದ್ದರೆ ಒಳಗಿನ ಬಿಲ್ಲೆಯಾಕಾರದ ಸಿಆರ್2032 ಸೆಲ್ ಸತ್ತಿದೆ, ಹೆಚ್ಚಿನ ಯಂತ್ರಗಳಲ್ಲಿ ಅಷ್ಟೇ. ತಿರುಗುವ ಹಾರ್ಡ್‌ಡಿಸ್ಕ್ ಇದ್ದರೆ ತೆಗೆದು, ತಿರುಗುವ ಭಾಗವೇ ಇಲ್ಲದ ವೇಗದ ಎಸ್‌ಎಸ್‌ಡಿ ಹಾಕಿ. ಹತ್ತು ವರ್ಷದ ಎಮ್ಮೆ ಕರುವಿನಂತೆ ಓಡುತ್ತದೆ. ದುಡ್ಡಿದ್ದರೆ ಮೊದಲು ಅಲ್ಲಿಗೆ ಹಾಕಿ, ಶಾಲಿಗಲ್ಲ.

ಮುಲುಂಡ್ ಪಶ್ಚಿಮ
ಬ್ಯಾಟರಿಯವೆರಡೂ ಈಗ ಬಾಲ್ಕನಿಯಲ್ಲಿ, ತುಳಸಿ ಕಟ್ಟೆಯಿಂದ ದೂರ ಇವೆ. ಜಿರಳೆಯದ್ದು ಕಸಕ್ಕೆ ಹೋಗಲಿಯೇ?

ಗ್ರಾಂಟ್ ರೋಡ್ ರಿಪೇರಿ
ಬೇಡ. ರ್‍ಯಾಮ್, ಕೀಬೋರ್ಡ್, ಪರದೆ ಬೇರೆಯದಕ್ಕೆ ಆಗುತ್ತವೆ. ಮಳೆಗಾಲ ಇನ್ನೂ ಮುಗಿದಿಲ್ಲ, ಎಲ್ಲವನ್ನೂ ನೆಲದಿಂದ ಮೇಲಕ್ಕಿಡಿ. ತೇವಕ್ಕೆ ಪರದೆಯೊಳಗೆ ಬೂಷ್ಟು ಹಿಡಿಯುತ್ತದೆ.

ನಿವೃತ್ತ, ಡೊಂಬಿವಲಿ
ನನಗೆ ಒಂದು ಅರ್ಥವಾಗುವುದಿಲ್ಲ. ಈಗ ಮನೆ ಕೆಲಸದವಳ ಕೈಯಲ್ಲಿಯೂ ಸ್ಮಾರ್ಟ್‌ಫೋನ್ ಇದೆ, ಡೇಟಾ ಕಡಲೆಕಾಯಿಗಿಂತ ಅಗ್ಗ. ಇನ್ನೆಲ್ಲಿಯ ಡಿಜಿಟಲ್ ಕಂದಕ? ಪೆರುವಿನಲ್ಲಿ ಮಗುವಿಗೊಂದು ಲ್ಯಾಪ್‌ಟಾಪ್ ಯೋಜನೆಯಲ್ಲಿ ಲಕ್ಷಗಟ್ಟಲೆ ಯಂತ್ರ ಹಂಚಿದರು. 319 ಶಾಲೆಗಳ ಅಧ್ಯಯನ 2012ರಲ್ಲಿ ಬಂತು. ಗಣಿತದಲ್ಲಿಯೂ ಭಾಷೆಯಲ್ಲಿಯೂ ಅಂಕ ಏರಿದ್ದು ಕಾಣಲಿಲ್ಲ. ನಮ್ಮಲ್ಲಿ 2011ರಲ್ಲಿ ಸರ್ಕಾರದ ಅಗ್ಗದ ಆಕಾಶ್ ಟ್ಯಾಬ್ಲೆಟ್ ಬಂತಲ್ಲ, ಆಗ ಎಷ್ಟು ಗದ್ದಲ. ಈಗ ಯಾರ ಮನೆಯಲ್ಲಿದೆ ತೋರಿಸಿ.

ಘಾಟ್‌ಕೋಪರ್ ಅಕ್ಕ
ರಾಯರೇ, ಪೆರುವಿನ ಮಾತು ನಿಜ. ಆದರೆ ಅವರು ಪ್ರಾಥಮಿಕ ಶಾಲೆಯ ಮಕ್ಕಳು. ಯಂತ್ರ ಕೊಟ್ಟರು, ಪಕ್ಕದಲ್ಲಿ ಕೂತು ಕಲಿಸುವವರ ಬಗ್ಗೆ ಯೋಚಿಸಲಿಲ್ಲ. ಅದರಿಂದ ಯಂತ್ರವೇ ಬೇಡ ಎಂದು ತೀರ್ಮಾನಿಸುವುದು ಅವಸರವಾಗುತ್ತದೆ.

ನಾನು ಒಂದು ರಾತ್ರಿ ಶಾಲೆಯಲ್ಲಿ ಪಾಠ ಮಾಡುತ್ತೇನೆ. ಮುಂಬೈಯ ಕನ್ನಡ ರಾತ್ರಿ ಶಾಲೆಗಳು ಹುಟ್ಟಿದ್ದೇ ಹೋಟೆಲಿನಲ್ಲಿ ಲೋಟ ತೊಳೆಯುತ್ತಿದ್ದ ನಮ್ಮೂರ ಹುಡುಗರಿಗಾಗಿ ಎಂಬುದು ನಿಮಗೆ ಗೊತ್ತಿರುತ್ತದೆ. ಈಗ ಸಂಖ್ಯೆ ಇಳಿದಿದೆ, ಆದರೂ ಬರುವವರು ಬರುತ್ತಾರೆ. ಕಳೆದ ವರ್ಷ ಒಬ್ಬ ಬಂದ, ಇಪ್ಪತ್ತೆರಡು ವರ್ಷ, ಹೋಟೆಲಿನ ಗಲ್ಲಾದಲ್ಲಿ ಕೂರುವವನು. ಮೊಬೈಲಿನಲ್ಲಿ ಅವನ ಹೆಬ್ಬೆರಳಿನ ವೇಗ ನನಗೆ ಈ ಜನ್ಮದಲ್ಲಿ ಬರುವುದಿಲ್ಲ. ನನ್ನ ಲ್ಯಾಪ್‌ಟಾಪ್ ಮುಂದಿಟ್ಟೆ. ಮೊದಲು ಪರದೆಯನ್ನೇ ಬೆರಳಿನಿಂದ ಮೇಲಕ್ಕೆ ತಳ್ಳಿದ. ಅದು ಅಲುಗಾಡಲಿಲ್ಲ. ನನ್ನ ಮುಖ ನೋಡಿ, ಕೆಟ್ಟಿದೆಯಾ ಟೀಚರ್ ಎಂದ. ತನ್ನ ಹೆಸರಿನ ಮೊದಲ ಅಕ್ಷರ ದೊಡ್ಡದಾಗಬೇಕೆಂದು ಕ್ಯಾಪ್ಸ್ ಲಾಕ್ ಒತ್ತಿದ, ಅಕ್ಷರ ಬರೆದ, ಮತ್ತೆ ಒತ್ತಿ ತೆಗೆದ. ಪ್ರತಿ ಹೆಸರಿಗೂ ಹಾಗೆಯೇ. ಒಂದು ಅರ್ಜಿ ಬರೆಯಲು ಮುಕ್ಕಾಲು ಗಂಟೆ ಹಿಡಿಯಿತು. ಮುಚ್ಚಿದ ಮೇಲೆ ಅದು ಎಲ್ಲಿ ಹೋಯಿತು ಎಂದು ಕೇಳಿದ. ಎಲ್ಲಿ ಉಳಿಯಿತು ಎಂಬ ಪ್ರಶ್ನೆಯೇ ಫೋನಿನವರಿಗೆ ಬರುವುದಿಲ್ಲ, ಎಲ್ಲವೂ ಗ್ಯಾಲರಿಯಲ್ಲಿ ತಾನಾಗಿ ಸಿಗುತ್ತದೆ. ಫೋಲ್ಡರ್ ಎಂಬುದು ಅವನಿಗೆ ಹೊಸ ವಿಚಾರ.

ನೋಡುವುದಕ್ಕೆ ಫೋನು ಸಾಕು. ಏನನ್ನಾದರೂ ಮಾಡಿ ಕೊಡುವುದಕ್ಕೆ ಸಾಲದು. ಕಂದಕ ಇರುವುದು ಅಲ್ಲಿ.

ಹಾರ್ಬರ್ ಲೈನ್
ಅಕ್ಕ ಹೇಳಿದ್ದಕ್ಕೆ ಒಂದು ಲೆಕ್ಕ ಸೇರಿಸುತ್ತೇನೆ. ರಾಷ್ಟ್ರೀಯ ಮಾದರಿ ಸಮೀಕ್ಷೆಯ 75ನೇ ಸುತ್ತಿನ ಪ್ರಕಾರ 2017-18ರಲ್ಲಿ ಇಂಟರ್ನೆಟ್ ಸೌಲಭ್ಯವಿದ್ದ ಮನೆಗಳು ಶೇ. 23.8, ಕಂಪ್ಯೂಟರ್ ಇದ್ದವು ಶೇ. 10.7. ಪಟ್ಟಣದಲ್ಲಿಯೂ ಕಂಪ್ಯೂಟರ್ ಇದ್ದದ್ದು ಶೇ. 23.4 ಮನೆಗಳಲ್ಲಿ ಮಾತ್ರ. ಆಮೇಲೆ ಡೇಟಾ ಓಡಿತು, ಕೀಬೋರ್ಡ್ ಓಡಲಿಲ್ಲ.

ನಿವೃತ್ತ, ಡೊಂಬಿವಲಿ
ಎಂಟು ವರ್ಷ ಹಳೆಯ ಅಂಕಿ.

ಹಾರ್ಬರ್ ಲೈನ್
ನಿಮ್ಮ ಪೆರು ಇನ್ನೂ ಹಳೆಯದು.

ಭಾಂಡುಪ್ ಚಾಳ್
ನಾನು ಇಂತಹ ದಾನದ ಲ್ಯಾಪ್‌ಟಾಪ್ ಪಡೆದವನು. 2021ರಲ್ಲಿ, ಕಾಲೇಜು ಪೂರ್ತಿ ಆನ್‌ಲೈನ್ ಇದ್ದಾಗ. ಯಾವ ಸಂಸ್ಥೆ ಎಂದು ಹೇಳುವುದಿಲ್ಲ.

ಒಳ್ಳೆಯದೇ ಮಾಡಿದರು, ಉಪಕಾರ ಮರೆತಿಲ್ಲ. ಆದರೆ ಅದರ ಬ್ಯಾಟರಿ ಪೂರ್ತಿ ಸತ್ತಿತ್ತು. ಪ್ಲಗ್ಗಿನಲ್ಲಿದ್ದರೆ ಮಾತ್ರ ಬದುಕು. ನಮ್ಮ ಖೋಲಿಯಲ್ಲಿ ಕೈಗೆ ಸಿಗುವ ಪ್ಲಗ್ ಪಾಯಿಂಟ್ ಒಂದೇ, ಅದು ಮಿಕ್ಸಿಯ ಜಾಗ. ಅಮ್ಮ ಬೆಳಗ್ಗೆ ಇಡ್ಲಿ ಮಾರುತ್ತಿದ್ದಳು. ಅವಳು ಚಟ್ನಿ ರುಬ್ಬುವ ಹೊತ್ತಿಗೆ ನನ್ನ ಪ್ರಾಜೆಕ್ಟ್ ಸಾಯುತ್ತಿತ್ತು. ಎರಡು ಸಲ ಉಳಿಸದೇ ಇದ್ದ ಕಡತ ಹೋಯಿತು. ಮೂರನೆಯ ಸಲದಿಂದ ಅಮ್ಮನೇ ಮಿಕ್ಸಿ ಕೈಯಲ್ಲಿ ಹಿಡಿದು, ಉಳಿಸಿದೆಯೇನೋ ಎಂದು ಕೇಳಿದ ಮೇಲೆ ಪ್ಲಗ್ ಕೀಳುತ್ತಿದ್ದಳು. ಸೇವ್ ಎಂಬ ಪದ ಅವಳಿಗೆ ಬರುತ್ತಿರಲಿಲ್ಲ, ಉಳಿಸುವುದು ಬರುತ್ತಿತ್ತು.

ಇನ್ನೊಂದು ಮಾತು. ಕೊಡುವಾಗ ವೇದಿಕೆಗೆ ಕರೆದರು. ಲ್ಯಾಪ್‌ಟಾಪನ್ನು ಎದೆಗೆ ಹಿಡಿದು ಫೋಟೋಗೆ ನಿಲ್ಲಿಸಿದರು, ಹಿಂದೆ ಹನ್ನೊಂದು ಜನ ಪದಾಧಿಕಾರಿಗಳು. ಸ್ಮರಣ ಸಂಚಿಕೆಯಲ್ಲಿ ನನ್ನ ಹೆಸರಿನ ಮುಂದೆ ‘ಬಡ ವಿದ್ಯಾರ್ಥಿ’ ಎಂದು ಅಚ್ಚಾಯಿತು. ನಮ್ಮ ಚಾಳಿನಲ್ಲಿ ಆ ಸಂಚಿಕೆ ನಾಲ್ಕು ಮನೆಗೆ ಬರುತ್ತದೆ. ಈಗ ನನಗೆ ಕೆಲಸವಿದೆ, ಹೊಸ ಯಂತ್ರವಿದೆ. ಆ ಪುಟ ಮಾತ್ರ ಈಗಲೂ ಯಾರದೋ ಮನೆಯಲ್ಲಿದೆ.

ಮುಲುಂಡ್ ಅಣ್ಣ, ದಯವಿಟ್ಟು ಶಾಲು ಬೇಡ.

ಮುಲುಂಡ್ ಪಶ್ಚಿಮ
ಇದನ್ನು ಸಮಿತಿಯ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಲು ನಿನ್ನ ಅನುಮತಿ ಇದೆಯೇ ತಮ್ಮಾ?

ಭಾಂಡುಪ್ ಚಾಳ್
ಹೆಸರಿಲ್ಲದೆ ಹಾಕಿ.

ಹುಬ್ಬಳ್ಳಿಯವನು, ಪುಣೆ
ನಾನು ಹಿಂಜವಡಿಯಲ್ಲಿ ಐಟಿ ಕಂಪನಿಯಲ್ಲಿದ್ದೇನೆ. ಪಾಸ್‌ವರ್ಡ್ ಕೇಳುವ ಆ ನಾಲ್ಕರ ತಳಭಾಗ ನೋಡಿ. ಕಂಪನಿಯ ಆಸ್ತಿ ಸಂಖ್ಯೆಯ ಚೀಟಿ ಇದ್ದರೆ ಅಥವಾ ಚೀಟಿ ಕೆರೆದ ಗುರುತಿದ್ದರೆ ಮುಟ್ಟಬೇಡಿ. ಕೆಲಸ ಬಿಟ್ಟವರು ಹಿಂದಿರುಗಿಸದೆ ಇಟ್ಟುಕೊಂಡ ಯಂತ್ರಗಳೂ ದಾನದ ರಾಶಿಗೆ ಬಂದು ಬೀಳುತ್ತವೆ. ಕಂಪನಿಯವರು ದೂರದಿಂದಲೇ ಬೀಗ ಹಾಕಬಲ್ಲರು. ಬರೆದುಕೊಟ್ಟ ಪತ್ರವಿಲ್ಲದೆ ಯಾವುದನ್ನೂ ತೆಗೆದುಕೊಳ್ಳಬೇಡಿ.

ನಮ್ಮಂತಹ ಕಂಪನಿಗಳಲ್ಲಿ ರಾಶಿಗಟ್ಟಲೆ ಹಳೆಯವು ಇರುತ್ತವೆ ನಿಜ. ಆದರೆ 2023ರ ಏಪ್ರಿಲ್‌ನಿಂದ ಜಾರಿಯಾದ ಇ-ತ್ಯಾಜ್ಯ ನಿಯಮಗಳಿಂದಾಗಿ ತ್ಯಾಜ್ಯವೆಂದು ಬರೆದದ್ದು ನೋಂದಾಯಿತ ಸಂಸ್ಕರಣೆಗಾರರಿಗೇ ಹೋಗಬೇಕು. ಆದ್ದರಿಂದ ತ್ಯಾಜ್ಯ ಎಂದು ಬರೆಯುವ ಮುನ್ನವೇ ಹೋಗಿ ಕೇಳಿ.

ಕುರ್ಲಾ ಈಸ್ಟ್
ಡಿಸ್ಕ್ ಅಳಿಸುವ ಬಗ್ಗೆ ಯಾರೂ ಹೇಳಲಿಲ್ಲವಲ್ಲ. ನಮ್ಮ ಭಾವ ಕೊಟ್ಟ ಲ್ಯಾಪ್‌ಟಾಪನ್ನು ಪಡೆದ ಹುಡುಗ ಸಜ್ಜನ, ತಾನೇ ಫೋನ್ ಮಾಡಿ ಹೇಳಿದ: ಅಂಕಲ್, ನಿಮ್ಮ ಪ್ಯಾನ್ ಕಾರ್ಡ್, ಸಂಬಳದ ಚೀಟಿ, ಆಂಟಿಯ ಸೀಮಂತದ ಫೋಟೋ ಎಲ್ಲ ಇದರಲ್ಲೇ ಇವೆ. ಭಾವ ಫಾರ್ಮ್ಯಾಟ್ ಮಾಡಿದ್ದೇನೆ ಎಂದೇ ನಂಬಿದ್ದರು.

ಗ್ರಾಂಟ್ ರೋಡ್ ರಿಪೇರಿ
ಅವಸರದ ಫಾರ್ಮ್ಯಾಟ್ ಎಂದರೆ ಪುಸ್ತಕದ ವಿಷಯಸೂಚಿ ಹರಿದಂತೆ. ಒಳಗಿನ ಪುಟಗಳು ಹಾಗೆಯೇ ಇರುತ್ತವೆ. ಹಾರ್ಡ್‌ಡಿಸ್ಕ್ ಆದರೆ ಪೂರ್ತಿ ಒಂದು ಸಲ ಸೊನ್ನೆ ಬರೆಸಿ, ರಾತ್ರಿಯಿಡೀ ಓಡುತ್ತದೆ, ಓಡಲಿ. ಎಸ್‌ಎಸ್‌ಡಿಗೆ ಆ ಉಪಾಯ ಸಾಲದು, ಅದರದ್ದೇ ಸೆಕ್ಯೂರ್ ಇರೇಸ್ ಎಂಬ ಅಳಿಸುವ ಆಜ್ಞೆ ಇರುತ್ತದೆ. ಕೊಟ್ಟವರ ಕಣ್ಣೆದುರಿಗೇ ಮಾಡಿದರೆ ಇನ್ನೂ ನಾಲ್ಕು ಜನ ಧೈರ್ಯವಾಗಿ ಕೊಡುತ್ತಾರೆ.

ಮಾಪುಸಾ
ನಮ್ಮ ಗೋವಾದಲ್ಲಿ ಕನ್ನಡ ಟೈಪಿಂಗ್ ಕಲಿಯಲು ಮಕ್ಕಳಿಗೆ ಆಸೆ ಇದೆ, ಕಲಿಸುವವರಿಲ್ಲ. ಲಿನಕ್ಸಿನಲ್ಲಿ ನುಡಿ ತಂತ್ರಾಂಶದ ಕನ್ನಡ ಕೀಲಿಮಣೆ ಬರುತ್ತದೆಯೇ?

ಹಾರ್ಬರ್ ಲೈನ್
ಬರುತ್ತದೆ. ಬರೆಯುವ ಭಾಷೆ ಬದಲಿಸುವ ಐಬಸ್‌ನಲ್ಲಿ ಕೆಜಿಪಿ ವಿನ್ಯಾಸ ಎಂದು ಆರಿಸಿಕೊಳ್ಳಿ, ಅದೇ. ಇನ್‌ಸ್ಕ್ರಿಪ್ಟ್ ಎಂಬ ಇನ್ನೊಂದು ವಿನ್ಯಾಸವೂ ಇದೆ.

ಕುರ್ಲಾ ಈಸ್ಟ್
ಆ ವಿನ್ಯಾಸದ ಮೂಲಪುರುಷ ಕೆ.ಪಿ. ರಾವ್ ನಮ್ಮ ಮುಂಬೈಯಲ್ಲಿ, ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಇದ್ದವರು. ದಕ್ಷಿಣ ಕನ್ನಡದವರು.

ನಿವೃತ್ತ, ಡೊಂಬಿವಲಿ
ನಾನು ಬ್ಯಾಂಕಿನಲ್ಲಿ ರೆಮಿಂಗ್ಟನ್ ಯಂತ್ರದಲ್ಲಿ ಟೈಪ್ ಮಾಡಿದವನು. ಮಿನಿಟಿಗೆ 45 ಪದ. ಈಗಿನ ಹುಡುಗರು ಕೀಬೋರ್ಡ್ ನೋಡದೆ ಒಂದು ಸಾಲು ಹೊಡೆಯಲಿ ನೋಡೋಣ.

ಘಾಟ್‌ಕೋಪರ್ ಅಕ್ಕ
ರಾಯರೇ, ಹಾಗಾದರೆ ಭಾನುವಾರ ಬಂದು ಕಲಿಸಿ. ಸುಮ್ಮನೆ ಹೇಳುತ್ತಿಲ್ಲ. ಟೈಪಿಂಗ್ ಪರೀಕ್ಷೆಗೆ ಕೂರುವವರು ನಮ್ಮಲ್ಲಿ ಐದು ಜನ ಇದ್ದಾರೆ.

ನಿವೃತ್ತ, ಡೊಂಬಿವಲಿ
ಡೊಂಬಿವಲಿಯಿಂದ ಭಾನುವಾರ ಮೆಗಾ ಬ್ಲಾಕ್, ಹಳಿ ದುರಸ್ತಿಗೆ ಲೋಕಲ್ ರೈಲು ನಿಲ್ಲಿಸುತ್ತಾರೆ.

ಲೆಕ್ಕದ ಮನುಷ್ಯ
ನೆಪ ಸಿಕ್ಕಿತು. ಇರಲಿ, ಸಮಿತಿಯವರಿಗೆ ಒಂದು ಎಚ್ಚರಿಕೆ: ಲ್ಯಾಪ್‌ಟಾಪ್ ಕೊಟ್ಟವರಿಗೆ ದಾನದ ತೆರಿಗೆ ವಿನಾಯಿತಿಯ ರಸೀದಿ (80ಜಿ ಎನ್ನುವುದು) ಬರೆದುಕೊಡಬೇಡಿ. ಆ ವಿನಾಯಿತಿ ಹಣಕ್ಕೆ ಮಾತ್ರ, ವಸ್ತುವಿಗಿಲ್ಲ. ಹಣವೂ 2000 ರೂಪಾಯಿ ದಾಟಿದರೆ ನಗದು ನಡೆಯುವುದಿಲ್ಲ. ಕಳೆದ ವರ್ಷ ಒಬ್ಬರು ಸತ್ತ ಡೆಸ್ಕ್‌ಟಾಪ್‌ಗೆ 40,000 ರೂಪಾಯಿ ರಸೀದಿ ಬೇಕೆಂದು ನನ್ನ ಮೇಜಿನ ಮುಂದೆ ಅರ್ಧ ಗಂಟೆ ಕೂತಿದ್ದರು.

ಸಾನ್‌ಪಾಡಾ
ಕೊಡುವ ಬದಲು ಎರವಲು ಕೊಡಿ, ಗ್ರಂಥಾಲಯದ ಹಾಗೆ. ಪರೀಕ್ಷೆ ಮುಗಿದ ಮೇಲೆ ವಾಪಸು. 500 ರೂಪಾಯಿ ಠೇವಣಿ ಇಟ್ಟುಕೊಳ್ಳಿ.

ಘಾಟ್‌ಕೋಪರ್ ಅಕ್ಕ
ಎರವಲು ಸರಿ, ಠೇವಣಿ ಬೇಡ. 500 ಇದ್ದವನು ಸೈಬರ್ ಕೆಫೆಗೆ ಹೋಗುತ್ತಾನೆ.

ಸಾನ್‌ಪಾಡಾ
ಪುಕ್ಕಟೆ ಸಿಕ್ಕಿದ್ದಕ್ಕೆ ಬೆಲೆ ಇರುವುದಿಲ್ಲ ಅಕ್ಕ. ನಮ್ಮ ಕಟ್ಟಡದಲ್ಲಿ ಕೊಟ್ಟ ಎರಡೂ ತಿಂಗಳೊಳಗೆ ಮಾರಾಟವಾದವು.

ಭಾಂಡುಪ್ ಚಾಳ್
ಮಾರಿದವನಿಗೆ ಆ ತಿಂಗಳು ದುಡ್ಡು ಏಕೆ ಬೇಕಿತ್ತು ಎಂದು ಯಾರಾದರೂ ಕೇಳಿದರೇ?

ಸಾನ್‌ಪಾಡಾ
ಇಲ್ಲ. ಕೇಳಲಿಲ್ಲ.

ವೇದಿಕೆಯ ನಿರ್ವಾಹಕ
ಮೆಗಾ ಬ್ಲಾಕ್ ಕುರಿತ ಹದಿನಾಲ್ಕು ಪ್ರತಿಕ್ರಿಯೆಗಳನ್ನು ಬೇರೆ ಎಳೆಗೆ ಸಾಗಿಸಿದ್ದೇನೆ. ವಿಷಯದಲ್ಲಿರಿ.

ಮುಲುಂಡ್ ಪಶ್ಚಿಮ
ಮೂರು ವಾರದ ನಂತರ ವರದಿ ಒಪ್ಪಿಸುತ್ತಿದ್ದೇನೆ.

ಗ್ರಾಂಟ್ ರೋಡ್‌ನವರು ಮನೆಗೇ ಬಂದರು, ಕೈಚೀಲದಲ್ಲಿ ಏಳು ಬಗೆಯ ಚಾರ್ಜರ್ ತಂದಿದ್ದರು. ಚಾರ್ಜರಿಲ್ಲದ ಆರರಲ್ಲಿ ನಾಲ್ಕು ಎದ್ದವು. ಪಾಸ್‌ವರ್ಡಿನ ನಾಲ್ಕರಲ್ಲಿ ಮೂರನ್ನು ಕೊಟ್ಟವರ ಎದುರಿಗೇ ಅಳಿಸಿದೆವು. ನಾಲ್ಕನೆಯದರ ತಳದಲ್ಲಿ ಪುಣೆಯವರು ಹೇಳಿದಂತೆ ಚೀಟಿ ಕೆರೆದ ಗುರುತಿತ್ತು, ಕೊಟ್ಟವರಿಗೇ ಮರಳಿಸಿದೆ. ಅವರು ಈಗ ನನ್ನನ್ನು ಮಾತನಾಡಿಸುವುದಿಲ್ಲ. ಒಟ್ಟು 16 ಬದುಕಿದವು. ಜಿರಳೆಯದರ ರ್‍ಯಾಮ್ ಈಗ ಬೇರೆಯದರಲ್ಲಿ ಸಂಸಾರ ಮಾಡುತ್ತಿದೆ.

ಶಾಲಿನ ದುಡ್ಡನ್ನು ಎಸ್‌ಎಸ್‌ಡಿಗೆ ಹಾಕಲು ಸಮಿತಿ ಒಪ್ಪಿತು. ಭಾಂಡುಪ್‌ನವನ ಮಾತು ಓದಿದ ಮೇಲೆ ಗುಂಪಿನಲ್ಲಿ ಒಂದು ದಿನ ಯಾರೂ ಸುಪ್ರಭಾತದ ಚಿತ್ರ ಹಾಕಲಿಲ್ಲ. ಆಮೇಲೆ ಅಧ್ಯಕ್ಷರು, ಫೋಟೋ ಬೇಡ ಎಂದು ಎರಡೇ ಪದ ಬರೆದರು.

ವಿಂಡೋಸ್ 11ಕ್ಕೆ ಅರ್ಹವಾದ ಐದನ್ನು ಬಿ.ಕಾಂ. ಮಕ್ಕಳಿಗೆ ಟ್ಯಾಲಿ ಹಾಕಿ ಇಟ್ಟಿದ್ದೇವೆ. ಉಳಿದ ಹನ್ನೊಂದಕ್ಕೆ ಮಿಂಟ್. ನಾಲ್ಕು ಸಂಘದ ಸಭಾಂಗಣದಲ್ಲಿಯೇ ಇರುತ್ತವೆ, ಭಾನುವಾರ ಹತ್ತರಿಂದ ಒಂದರವರೆಗೆ ಯಾರು ಬೇಕಾದರೂ ಕೂರಬಹುದು. ಹನ್ನೆರಡು ಎರವಲಿಗೆ. ಠೇವಣಿ ಇಲ್ಲ, ದಫ್ತರಿನಲ್ಲಿ ಸಹಿ ಅಷ್ಟೇ. ದಫ್ತರು ಹೆಂಡತಿಯ ಕೈಯಲ್ಲಿದೆ. ಹೋದ ಭಾನುವಾರ ಒಬ್ಬ ಹುಡುಗಿ ಕೇಳಿದಳು: ಮನೆಗೆ ಒಯ್ಯುವುದು ಬೇಡ, ಅಣ್ಣ ಕಿತ್ತುಕೊಳ್ಳುತ್ತಾನೆ, ಇಲ್ಲಿಯೇ ನನ್ನ ಹೆಸರಿನಲ್ಲಿ ಒಂದು ಫೋಲ್ಡರ್ ಮಾಡಿ ಇಡಬಹುದೇ ಎಂದು. ಹೆಂಡತಿ ದಫ್ತರಿನಲ್ಲಿ ಅದಕ್ಕೊಂದು ಹೊಸ ಕಾಲಂ ಎಳೆದಳು.

ಇನ್ನು ಬೇಕಾಗಿರುವುದು ಎರಡೇ ಎರಡು ಚಾರ್ಜರ್. ಒಂದು ಲೆನೊವೊ ಹಳದಿ ಬಾಯಿಯದು, ಒಂದು ಡೆಲ್ ದುಂಡು ಪಿನ್ನಿನದು.

ಕುರ್ಲಾ ಈಸ್ಟ್
ಹಳದಿ ಬಾಯಿಯದು ನನ್ನಲ್ಲಿದೆ. ನಾಳೆ ಸಂಜೆ ಘಾಟ್‌ಕೋಪರ್ ಮೆಟ್ರೋ ಮೆಟ್ಟಿಲ ಬುಡದಲ್ಲಿ ಅಕ್ಕನ ಕೈಗೆ ಕೊಡುತ್ತೇನೆ.

ನಿವೃತ್ತ, ಡೊಂಬಿವಲಿ
ಡೆಲ್‌ನದು ನಮ್ಮ ಮನೆಯಲ್ಲಿದೆ. ಭಾನುವಾರ ನಾನೇ ತರುತ್ತೇನೆ, ಬೆಳಗ್ಗೆ ಬ್ಲಾಕ್ ಶುರುವಾಗುವ ಮುನ್ನ ಹೊರಟರೆ ಆಯಿತು. ಅದರ ಲ್ಯಾಪ್‌ಟಾಪ್ ಕೂಡ ಇದೆ, 2013ರದು, ಬಿಜಾಗರಿ ಮುರಿದಿದೆ. ತರಲೇ?

ಮುಲುಂಡ್ ಪಶ್ಚಿಮ
ಹೆಂಡತಿಯನ್ನು ಕೇಳಿ ಹೇಳುತ್ತೇನೆ.